ಬಾರದಾನ

ಆಗಸ್ಟ್. ಕಲಬುರಗಿ ಗಂಜಿಗೆ ಹೊಸ ಹೆಸರು ಬಂದಿತ್ತು.
ಹನ್ನೊಂದನೇ ಅಡತಿಯ ಕಟ್ಟೆಯ ಮೇಲೆ
ಅಪ್ಪ ತೂಗುತ್ತಿದ್ದ. ನಾನು ನಿಂತಿದ್ದೆ
ಎರಡು ಪತ್ರ ಹಿಡಿದು,
ಒಂದು ಲಕೋಟೆಯಲ್ಲಿ, ಒಂದು ಮೊಬೈಲಿನಲ್ಲಿ.
ತಲೆ ಎತ್ತದೆ ಕೈಯೆತ್ತಿದ. ತಡಿ,
ಇನ್ನೂ ನಲವತ್ತು ಚೀಲ ಅದಾವ.

ಲಕೋಟೆ ಇದೇ ಊರಿನದು, ರಿಂಗ್ ರೋಡಿನಾಚೆಯ ಕಾಲೇಜಿನದು.
ನಾಲ್ಕು ವರ್ಷದ ಫೀಸು ಪೂರಾ ಮಾಫಿ,
ಪುಸ್ತಕಕ್ಕೆ ವರ್ಷಕ್ಕೆ ಎಂಟು ಸಾವಿರ.
ಆರನೇ ಷರತ್ತು ಮಾತ್ರ ಸಣ್ಣಕ್ಷರದಲ್ಲಿ:
ಯಾವ ಸೆಮಿಸ್ಟರಿನಲ್ಲೂ ಎಂಟೂವರೆಗಿಂತ ಕೆಳಗಿಳಿಯಕೂಡದು.
ಮೊಬೈಲಿನಲ್ಲಿದ್ದದ್ದು ಕಡಲ ದಂಡೆಯದು,
ಪಟ್ಟಿಯಲ್ಲಿ ಹತ್ತೊಂಬತ್ತನೆಯದು.
ನಮ್ಮೂರಿನದು ಆ ಪಟ್ಟಿಯ ಯಾವ ಪುಟದಲ್ಲಿದೆಯೋ,
ಬೆರಳು ಸೋಲುವವರೆಗೆ ಸರಿಸಿದರೂ ಸಿಗಲಿಲ್ಲ.

ಮನೆಯಲ್ಲಿ ಮೂರು ದಿನದಿಂದ ಇದೇ.
ಕೆಮಿಸ್ಟ್ರಿ ಸರ್ ಫೋನಿನಲ್ಲಿ,
"ಕಂಪನಿಯವರು ಕಾಲೇಜಿನ ಹೆಸರು ನೋಡ್ತಾರ ಜಗದೇವಿ,
ನಿನ್ನ ಹೆಸರಲ್ಲ."
ಯಾದಗಿರಿಯ ಮಾವ, "ಬ್ಯಾಂಕಿನ್ಯಾಗ ಸಾಲ ಕೊಡ್ತಾರ,
ಹದಿಮೂರು ಲಕ್ಷ ಏನ್ ಮಹಾ."
ಮಾವ ಇದುವರೆಗೆ ಯಾರ ಸಾಲಕ್ಕೂ ಸಹಿ ಹಾಕಿದವನಲ್ಲ.
ಅವ್ವ ಒಂದೇ ಮಾತು ಕೇಳಿದಳು,
"ಅಲ್ಲಿ ಮೆಸ್ಸಿನ್ಯಾಗ ರೊಟ್ಟಿ ಮಾಡ್ತಾರೇನು?"
ಅದನ್ನೂ ಹುಡುಕಿದೆ. ಶನಿವಾರ ಚಪಾತಿ, ಅಂತಿತ್ತು.

ರಾತ್ರಿ ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು
ಎಡಕ್ಕೆ ಇದು, ಬಲಕ್ಕೆ ಅದು.
ಚಕ್ರಬಡ್ಡಿಯ ಸೂತ್ರ ನನಗೆ ಬಾಯಿಪಾಠ.
ಕಡಲನ್ನು ಯಾವ ಕಡೆ ಬರೆಯಬೇಕೋ ತಿಳಿಯಲಿಲ್ಲ.
ನಾನು ಕಂಡ ಅತಿ ದೊಡ್ಡ ನೀರು ಅಪ್ಪನ ಕೆರೆ.
ಅದರ ಆಚೆ ದಂಡೆ ಕಾಣುತ್ತದೆ,
ದಂಡೆಯಲ್ಲಿ ಭಜಿ ಕರಿಯುವವಳೂ ಕಾಣುತ್ತಾಳೆ.

ನಲವತ್ತನೇ ಚೀಲ ಇಳಿಯಿತು.
ಟವೆಲಿನಿಂದ ಮುಖ ಒರೆಸಿಕೊಂಡು ಅಪ್ಪ
ಎರಡನ್ನೂ ಓದಿಸಿಕೊಂಡ, ಆರನೇ ಷರತ್ತು ಎರಡು ಸಲ.
"ನೀ ಹೇಳಪ್ಪ," ಅಂದೆ.
"ಮೂವತ್ತೊಂದು ವರ್ಷ ತೂಗೀನಿ," ಅಂದ,
"ಒಂದಿನಾನೂ ಭಾವ ಹೇಳಿಲ್ಲ.
ತೂಗೋನು ಭಾವ ಹೇಳಬಾರದು. ಅದು ಕಾಯ್ದೆ."

ಸಿಟ್ಟು ಬಂತು. ಅಷ್ಟು ಜನರೆದುರು ಅತ್ತೆ ಕೂಡ.
ಹಮಾಲ ಖಾಜಾಸಾಬ್ ಚಹಾ ತಂದು ಕೈಗಿಟ್ಟು
ಏನೂ ಕೇಳದೆ ಹೋದ.

ಆಮೇಲೆ ಅಪ್ಪ, ನನ್ನನ್ನು ನೋಡದೆ,
ಒಂದು ಹಿಡಿ ಹೆಸರು ನನ್ನ ಅಂಗೈಗೆ ಸುರಿದ.
"ಹಸಿ ಅದ. ಈಗ ತೂಗಿದ್ರ ಕ್ವಿಂಟಲಿಗೆ ನಾಕ್ ಕಿಲೋ ಸುಳ್ಳು.
ಒಣಗಿದ ಮ್ಯಾಲ ಎಷ್ಟು ಉಳೀತದ, ಅಷ್ಟೇ ಹೆಸರು.
ಮತ್ತ ಚೀಲದ ತೂಕ ಬ್ಯಾರೆ. ಬಾರದಾನ ಕಳೀಬೇಕು."
ಅಷ್ಟರಲ್ಲಿ ಅಫಜಲಪುರದ ಗಾಡಿ ಬಂತು. ಎದ್ದ.

ಯಾವುದು ಚೀಲ, ಯಾವುದು ಕಾಳು, ಹೇಳಲಿಲ್ಲ.
ಮಾಫಿಯೂ ಚೀಲವೇ ಇರಬಹುದು.
ಸಿಟಿ ಬಸ್ಸಿನಲ್ಲಿ ಬೆವರಿದ ಮುಷ್ಟಿ ಬಿಚ್ಚಿದಾಗ
ಅಂಗೈಗೆ ಸಿಪ್ಪೆಯ ಹಸಿರು ಅಂಟಿತ್ತು.

ಈಗ ಮೂರನೇ ಸೆಮಿಸ್ಟರ್. ರಿಂಗ್ ರೋಡಿನಾಚೆ.
ಮೊದಲ ಸಲ ಎಂಟು ಪಾಯಿಂಟ್ ಏಳು,
ಎರಡನೇ ಸಲ ಎಂಟು ಪಾಯಿಂಟ್ ಐದು ಎರಡು.
ಆರು ತಿಂಗಳಿಗೊಮ್ಮೆ ನಾನೇ ಕಾಟಾ ಹತ್ತಿ ನಿಲ್ಲುತ್ತೇನೆ,
ಮುಳ್ಳು ನಿಲ್ಲುವ ತನಕ ಉಸಿರು ಬಿಡುವುದಿಲ್ಲ.
ಲ್ಯಾಬಿನಲ್ಲಿ ಆರು ಆಸಿಲೋಸ್ಕೋಪು, ನಡೆಯುವವು ಎರಡು.
ಅದಕ್ಕೆ ಏಳೂವರೆಗೇ ಹೋಗುತ್ತೇನೆ,
ಅಟೆಂಡರ್ ಸಿದ್ರಾಮಣ್ಣ ಬೀಗ ನನ್ನ ಕೈಗೇ ಕೊಡುತ್ತಾನೆ.
ಈ ವರ್ಷದ ಪಟ್ಟಿಯಲ್ಲಿ ಕಡಲಿನ ಕಾಲೇಜು
ಇಪ್ಪತ್ತಮೂರಕ್ಕೆ ಇಳಿದಿದೆ.
ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ನಾಚಿಕೆ.

ನಿಖತ್ ಅಲ್ಲಿಗೇ ಹೋದಳು, ನನ್ನ ಸೀಟೇ ಇರಬಹುದು.
ಫೋಟೋ ಕಳಿಸುತ್ತಾಳೆ,
ನೀರಿಗೆ ಆಚೆ ದಂಡೆಯೇ ಇಲ್ಲ.
ಕೆಳಗೆ ಬರೆದಿದ್ದಳು:
"ಇಲ್ಲಿ ಬಟ್ಟೀನೇ ಒಣಗಲ್ಲ ನೋಡು, ಮೂರ್ ದಿನ ಆಯ್ತು."

ಮಾಳಿಗೆಗೆ ಹೋದೆ.
ಆಗಷ್ಟೇ ಹಾಕಿದ್ದ ಅಪ್ಪನ ಧೋತರ
ಹಪ್ಪಳದ ಹಾಗೆ ಸೆಟೆದು ನಿಂತಿತ್ತು.
ಮಡಿಸಿದೆ.
ಅವಳಿಗೆ ಇನ್ನೂ ಏನೂ ಬರೆದಿಲ್ಲ.